ಆರು ಕೇಜಿ ಪೆಟ್ಟಿಗೆ

ಮೊದಲು ಗೊತ್ತಾದದ್ದು ಕಾಫಿ ಲೋಟಕ್ಕೆ.
ಎತ್ತುವಾಗ ಮೊಣಕೈಯ ಹೊರಮೂಳೆಯಲ್ಲಿ
ಯಾರೋ ಕೆಂಡ ಇಟ್ಟು ಊದಿದ ಹಾಗೆ.
ಕೆಂಡ ನನಗೆ ಹೊಸದಲ್ಲ.
ಇಪ್ಪತ್ತೆರಡು ವರ್ಷ, ಜಯನಗರದ ಈ ಹೊಂಗೆ ಮರದಡಿ
ತಳ್ಳುಗಾಡಿ, ಅತ್ತೆ ಬಿಟ್ಟುಹೋದ ಹಿತ್ತಾಳೆ ಪೆಟ್ಟಿಗೆ,
ಬೆಳಿಗ್ಗೆ ಎಂಟಕ್ಕೆ ಇದ್ದಿಲು ಹೊತ್ತಿಸಿ
ಗಾಳಿಗೆ ತೂಗಿ ತೂಗಿ ಕೆಂಪಾಗಿಸಿದವಳು.
ಕೆಂಡ ಪೆಟ್ಟಿಗೆಯೊಳಗೆ ಇರಬೇಕು,
ಅಷ್ಟೇ ನಮ್ಮ ಒಪ್ಪಂದ.

ಮೂಳೆ ಆಸ್ಪತ್ರೆಯಲ್ಲಿ ಹತ್ತು ರೂಪಾಯಿ ಚೀಟಿ.
ಡಾಕ್ಟರು ಇನ್ನೂ ಹುಡುಗ. ಹೆಬ್ಬೆರಳಿಂದ ಒತ್ತಿದ,
ಸರಿಯಾಗಿ ಅಲ್ಲೇ.
‘ಟೆನಿಸ್ ಎಲ್ಬೋ’ ಅಂದ.
ಕಣ್ಣಲ್ಲಿ ನೀರಿತ್ತು, ಆದರೂ ನಗು ಬಂತು.
ಟೆನಿಸ್ ಆಡುವವರ ಬಿಳಿ ಚಡ್ಡಿ ನಮ್ಮ ಗಾಡಿಗೆ ಬರುತ್ತವೆ,
ಜೋಡಿಗೆ ಹದಿನಾರು ರೂಪಾಯಿ.
ಚಡ್ಡಿಯ ಜೊತೆ ಅವರ ಕಾಯಿಲೆಯೂ ಬಂತೇನೋ,
ಗಂಟಿನೊಳಗೆ ಲೆಕ್ಕ ತಪ್ಪಿ ಸೇರಿದ ಕರವಸ್ತ್ರದ ಹಾಗೆ.

‘ನರ ಹಿಡಿದಿದೆಯಾ?’
‘ನರ ಅಲ್ಲಮ್ಮ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹಗ್ಗ.
ಎಳೆ ಬಿಟ್ಟಿದೆ. ಆರು ವಾರ ರೆಸ್ಟು.’
ಆರು ವಾರ ಅಂದರೆ ಎಷ್ಟು ಶರ್ಟು,
ಅವನ ಪುಸ್ತಕದಲ್ಲಿ ಇರಲಿಲ್ಲ.
ಇಂಜೆಕ್ಷನ್ ಕೊಡಪ್ಪ, ಅಂದೆ.

ಸೂಜಿ ಚುಚ್ಚಿ ಮೂರನೇ ದಿನಕ್ಕೆ ಕೈ ಹೂವಾಯಿತು.
ಗೌರಿ ಹಬ್ಬದ ವಾರ, ರೇಷ್ಮೆ ಸೀರೆಗಳ ರಾಶಿ.
ಹೂವಿನಂಥ ಕೈಯಲ್ಲಿ ಇನ್ನೂರ ನಲವತ್ತು ಬಟ್ಟೆ ಉಜ್ಜಿದೆ.
ಗಣಪತಿ ನೀರಿಗೆ ಹೋಗುವ ಮೊದಲೇ
ನೋವು ವಾಪಸು ಬಂತು, ನೆಂಟರನ್ನೂ ಕರಕೊಂಡು:
ಮಣಿಕಟ್ಟು, ಭುಜ, ರಾತ್ರಿ.
ಬೀಗ ತಿರುಗಿಸಲಾರೆ, ಚೊಂಬು ಬಗ್ಗಿಸಲಾರೆ,
ನನ್ನ ಜಡೆ ಮಗಳು ನೀಲವೇಣಿ ಹೆಣೆಯಬೇಕು,
ಅದೂ ಅವಳ ಕಾಲೇಜಿನ ಆತುರದಲ್ಲಿ, ಓರೆಯಾಗಿ.

ಫಿಸಿಯೋ ಮೇಡಂ ಝೀನತ್ ಬೈಯಲಿಲ್ಲ.
ಅರ್ಧ ಲೀಟರಿನ ನೀರಿನ ಬಾಟಲಿ ಕೈಗಿಟ್ಟು
‘ಮುಂಗೈ ಮೇಜಿನ ಮೇಲೆ, ಮುಷ್ಟಿ ಅಂಚಿನಾಚೆ.
ಎಡಗೈಯಿಂದ ಎತ್ತಿಕೊಡಿ. ಬಲಗೈ ಇಳಿಸಲಿ.
ನಿಧಾನ. ಇನ್ನೂ ನಿಧಾನ.
ಎತ್ತೋದರಲ್ಲಿ ವಾಸಿ ಆಗಲ್ಲಮ್ಮ ಇದು,
ಇಳಿಸೋದರಲ್ಲಿ ಆಗುತ್ತೆ.’

ಎತ್ತಿದ್ದಷ್ಟೇ ಲೆಕ್ಕ ಅಂದುಕೊಂಡು ಬದುಕಿದವಳು ನಾನು.
ಗಂಟು ಎತ್ತಿದೆ, ಕೊಡ ಎತ್ತಿದೆ,
ಗಂಡನ ಆಪರೇಶನ್ನಿಗೆ ಚೀಟಿ ಎತ್ತಿದೆ.
ಇಳಿಸಿದ್ದು ಒಂದೂ ನೆನಪಿಲ್ಲ,
ಎಲ್ಲವೂ ಧೊಪ್ಪನೆ ಬಿದ್ದವು.
ಈಗ ಹದಿನೈದು ಸಲ, ಮೂರು ಹೊತ್ತು,
ಐದು ಎಣಿಸುತ್ತ ಒಂದು ಬಾಟಲಿ.
ಮೂರು ಎಣಿಸುವಷ್ಟರಲ್ಲಿ ಮನಸ್ಸು ಬಿದ್ದುಬಿಡುತ್ತಿತ್ತು.

ಅಷ್ಟರಲ್ಲಿ ಎಡಗೈ ಕೆಲಸಕ್ಕೆ ಸೇರಿತು.
ಕಾಲರಿಗೆ ಕಿವಿ ಮೂಡಿದವು,
ಪ್ಯಾಂಟಿಗೆ ಎರಡೆರಡು ಗೀರು.
ಮೂರನೇ ಮಹಡಿಯ ಮಂದಣ್ಣ ಸಾರ್, ಅದೇ ಬಿಳಿ ಚಡ್ಡಿಯವರು,
ಗೀರು ನೋಡಿದರು, ನನ್ನ ಕೈಪಟ್ಟಿ ನೋಡಿದರು,
ತೋಳು ಮಡಿಚಿ ತೋರಿಸಿದರು:
‘ಎಪ್ಪತ್ತೊಂಬತ್ತರಲ್ಲಿ ನನಗೂ. ಹನ್ನೊಂದು ತಿಂಗಳು.
ರಾಕೆಟ್ಟು ಬಿಟ್ಟು ಕೂತೆ.’
ಬಿಟ್ಟು ಕೂರಲು ಕುರ್ಚಿಯಿದ್ದವರ ನೋವು.
ಆದರೂ ಜಾಗ ಅದೇ, ಒಂದು ರೂಪಾಯಿ ನಾಣ್ಯದಷ್ಟು.
ಪಾಪ ಅನಿಸಿತು.
ಹದಿನಾರು ರೂಪಾಯಿ ಎಣಿಸಿ ತಗೊಂಡೆ.

ನೋವು ಬಂದ ದಿನಕ್ಕೆ ತಾರೀಖಿದೆ,
ಹೋದ ದಿನಕ್ಕಿಲ್ಲ.
ಹೊಂಗೆ ಎಲೆಯೆಲ್ಲ ಕಳಚಿ, ಚಿಗುರಿ,
ಗಾಡಿಯ ತುಂಬ ಹೂ ಚೆಲ್ಲುತ್ತಿದ್ದ ಒಂದು ಬೆಳಿಗ್ಗೆ
ಕಾಫಿ ಕುಡಿದಾದ ಮೇಲೆ ನೋಡಿದರೆ
ಲೋಟ ಇರುವುದು ಬಲಗೈಯಲ್ಲಿ.
ಯಾವಾಗ ಎತ್ತಿತೋ, ನನ್ನ ಕೇಳದೆ.
ಐದು ಎಣಿಸುತ್ತ ಇಳಿಸತೊಡಗಿದೆ.
ಹೋಟೆಲಿನ ಹುಡುಗ ಕೈ ಚಾಚಿ ನಿಂತಿದ್ದ,
ಅವನಿಗಿನ್ನೂ ಹನ್ನೆರಡು ಲೋಟ ತೊಳೆಯುವುದಿತ್ತು.
‘ಅಮ್ಮ, ಲೋಟ.’
ತಾಳಪ್ಪ, ಅಂದೆ,
ಇನ್ನೂ ಮೂರು.