ಮುಕ್ಕಾಲಿ

ದಿನಕ್ಕ ಇನ್ನೂರ ನಲವತ್ತು ಕಿಸೆ ಹೊಲೀತೀನಿ,
ಬಲಗಡೀವು ಮಾತ್ರ.
ಎಡಗಡೀವು ಖೈರುನ್ನಿ ಹೊಲೀತಾಳ, ಗೋಡೆ ಆಚೆ.
ನಮ್ಮಿಬ್ಬರ ಕಿಸೆ ಕೂಡೋದು
ಯಾರದೋ ಸೊಂಟದ ಮ್ಯಾಲೆ, ಯಾವುದೋ ಊರಾಗ.

ಕುಂದ್ರಾಕ ಮಾಲಕರು ಕೊಟ್ಟದ್ದು ಕೆಂಪು ಪ್ಲಾಸ್ಟಿಕ್ ಕುರ್ಚಿ.
ಅಂಥವು ಅರವತ್ತು. ರಾತ್ರಿ ಪೇರಿಸಿಟ್ಟರ
ಅರವತ್ತೂ ಸೇರಿ ಒಂದೇ ಕುರ್ಚಿ.
ನನ್ನ ಎಡಗಾಲು ಎರಡು ಬೆರಳು ಗಿಡ್ಡ,
ಅದು ಆ ಕುರ್ಚಿಗೆ ಗೊತ್ತಿಲ್ಲ.
ಚಿಂದಿ ಮಡಚಿ ಕೆಳಗಿಟ್ಟು ಹನ್ನೊಂದು ವರ್ಷ ಕುಂತೆ,
ಸಂಜಿಗೆ ಸೊಂಟ ಬ್ಯಾರೇರದು ಅನ್ನಿಸೋತನಕ.

ಕೌಲ್‌ಬಜಾರಿನ ಗಲ್ಲಿ, ಹಿಟ್ಟಿನ ಗಿರಣಿ ಹಿಂದ
ಮಾನಪ್ಪ ಬಡಿಗೇರ ಟೇಪು ತೆಗೀಲಿಲ್ಲ.
ಅಂಗಳದ ಮರಳಿಗೆ ನೀರು ಚಿಮುಕಿಸಿ
"ಕುಂದ್ರವಾ" ಅಂದ.
ನಗಿ ಬಂತು. ಕುಂತೆ.
ಎದ್ದ ಮ್ಯಾಲೆ ಆ ತಗ್ಗಿನೊಳಗ ಅಂಗೈ ಇಟ್ಟ,
ನಾಡಿ ನೋಡೋ ಹಕೀಮನ ಹಂಗ.
ಇಷ್ಟು ದಿನ ನಾ ಹಿಂಗ ಕುಂತಿದ್ದೆನಾ ಅಂತ
ನಾನೂ ಬಗ್ಗಿ ನೋಡಿದೆ.

ಕಟ್ಟಿಗಿ? ಬಳ್ಳಾರಿ ಜಾಲಿ.
"ಒಲಿಗೆ ಹಾಕೋದಲ್ಲ ಅದು?"
"ಸೆಟದು ಬೆಳಿಯಂಗಿಲ್ಲ, ಅದಕ್ಕ ಸುಡ್ತಾರ.
ಮಷೀನಿಗೆ ನೆಟ್ಟನ ಹಲಗಿ ಬೇಕು.
ಡೊಂಕು ಎತ್ತ ಹೊಂಟೈತಿ ಅಂತ ಕೇಳಾಕ
ನನಗ ಪುರುಸೊತ್ತೈತಿ."

ಇಪ್ಪತ್ತಾರು ದಿನ. ರೊಕ್ಕ ಮೂರು ಕಂತು.
ನಡುವ ಎರಡು ಸಲ ಹೋಗಿ ಎರಡು ಸಲ ಬೈದೆ:
ಬಜಾರದಾಗ ಮುನ್ನೂರಕ್ಕ ಸ್ಟೂಲು ಸಿಗತಾವ,
ಇವತ್ತ, ಈಗ, ಹಾಳಿ ಸುತ್ತಿ.
ಅವ ಬಾಚಿ ಮಸೀತಿದ್ದ. ಹೂಂ ಅಂದ.

ಮೂರೇ ಕಾಲು ಯಾಕ ಅಂದರ,
"ನಾಲ್ಕಿದ್ರ ಒಂದಕ್ಕ ನೆಲ ಸಿಗದು, ಲಡಬಡ ಅಂತೈತಿ.
ಮೂರು ಕಾಲಿಂದು ಎಂಥಾ ನೆಲದಾಗೂ ಕುಂಟಂಗಿಲ್ಲ."
ಅಂದವನೇ ನನ್ನ ಕಾಲು ನೋಡಿ ನಾಲಿಗಿ ಕಚ್ಚಿಕೊಂಡ.
ನನಗೇನೂ ಅನ್ನಿಸಲಿಲ್ಲ.
ಅನ್ನಿಸಿತು, ಒಂದೀಟು.

ಯೂನಿಟ್ಟಿನಾಗ ಎಲ್ಲರೂ ಕುಂತು ನೋಡಿದರು.
ಖೈರುನ್ನಿ ಎಡಕ್ಕ ಜಾರಿದಳು.
ಸೂಪರ್‌ವೈಜರ್ ಇದು ಸೊಟ್ಟ ಅಂದ.
ಕುರ್ಚಿ ಅದಲುಬದಲು ಆಗತಾವಂತ ಬಣ್ಣದಾಗ ಹೆಸರು ಬರೀತಿದ್ವಿ.
ಇದಕ್ಕ ಬರೀಲಿಲ್ಲ. ಯಾರು ಒಯ್ತಾರ?

ಮಾಲಕರು ಸುತ್ತ ತಿರುಗಿ ನೋಡಿದರು:
"ಇಂಥವೇ ಅರವತ್ತು ಮಾಡ್ತಾನೇನು, ಕೇಳು."
ಕೇಳಿದೆ.
"ಮರಳು ಐತಿ. ಅರವತ್ತು ಮಂದೀನ ಕಳಿಸು."
ಮಾಲಕರು ನಕ್ಕರು. ಮುಂದಿನ ವಾರ
ಹೊಸ ಕುರ್ಚಿ ಬಂದವು, ನೀಲಿ ಬಣ್ಣದವು.

ಉಳಿದ ಜೀನ್ಸ್ ತುಂಡಿನಾಗ ಅವನಿಗೊಂದು ಕಿಸೆ ಕತ್ತರಿಸಿಟ್ಟೀನಿ,
ಆ ಚಪ್ಪಟಿ ಪೆನ್ಸಿಲು ನಿಲ್ಲೋವಷ್ಟು.
ಮೂರು ವಾರ ಆತು, ಡಬ್ಬಿಯಾಗ ಬಿದ್ದೈತಿ.
ಅವ ಉಡೋದು ಲುಂಗಿ, ಮ್ಯಾಲೆ ತೂತಿನ ಬನೀನು.
ಎಲ್ಲಿ ಹಚ್ಚಲಿ?
ಎಡಗೈಯವನೋ ಬಲಗೈಯವನೋ,
ಬಾಚಿ ಯಾವ ಕೈಯಾಗಿತ್ತು?
ಅಷ್ಟು ಸಲ ಹೋದೆ, ನೋಡೇ ಇಲ್ಲ.

ಐತವಾರ ಹೋಗಬೇಕು.