ಡಸ್ಟರ್

ಸಿದ್ದಾಪುರದ ನಮ್ಮ ಶಾಲೆಗೆ ಅವರು ಬಂದ ದಿನ
ಹಾಜರಿ ಹತ್ತೊಂಬತ್ತು.
ಗುಹ್ಯದ ರಸ್ತೆಯಲ್ಲಿ ಆನೆ;
ಮಿಕ್ಕ ಮಕ್ಕಳು ಲೈನ್‌ಮನೆಯಲ್ಲೇ ಉಳಿದಿದ್ದರು.
ಪ್ರೊಫೆಸರ್ ದೇಚಮ್ಮ, ನಿವೃತ್ತರು,
ಕೊನೆಯ ಬೆಂಚಿನಲ್ಲಿ ಮೊಣಕಾಲು ಓರೆ ಮಾಡಿ ಕೂತರು,
ಮಡಿಲಲ್ಲೊಂದು ನೋಟ್‌ಬುಕ್ಕು, ಒಂದು ಸ್ಟಾಪ್‌ವಾಚು.

ಮೂವತ್ತೊಂದು ವರ್ಷ ಅವರು ಅಳೆದದ್ದು ಮೌನ.
ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು
ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬಲ್ಲ
ಎಂಬುದೇ ಸಂಶೋಧನೆ.
ಜಪಾನಿನ ಯಾವುದೋ ಹಿಮದೂರಲ್ಲಿ
ಎರಡು ಚಳಿಗಾಲ ಹೀಗೇ ಹಿಂದೆ ಕೂತಿದ್ದರಂತೆ.
ಅಲ್ಲಿಯ ಮೇಷ್ಟ್ರೊಬ್ಬ ಒಂದೇ ಲೆಕ್ಕ ಕೊಟ್ಟು
ಬೆನ್ನಿಗೆ ಕೈ ಕಟ್ಟಿ ಡೆಸ್ಕುಗಳ ನಡುವೆ ಅಲೆಯುತ್ತ
ಹನ್ನೆರಡು ನಿಮಿಷ ತುಟಿ ಬಿಚ್ಚಲಿಲ್ಲ;
ಪಾಠ ಮುಗಿಯುವ ತನಕ ಬೋರ್ಡಿನಿಂದ
ಒಂದಕ್ಷರ ಅಳಿಸಲಿಲ್ಲ, ತಪ್ಪನ್ನೂ.
ಅವರು ಕೂತು ನೋಡಿದ ನಮ್ಮ ತರಗತಿಗಳ ಸರಾಸರಿ:
ಒಂದೂವರೆ ಸೆಕೆಂಡು.

ವರದಿ ಇಲಾಖೆಯಲ್ಲಿದೆ. ರಟ್ಟಿನ ಮೇಲೆ
ಯಾರದೋ ಕಾಫಿ ಲೋಟದ ಉಂಗುರ.
ಮಡಿಕೇರಿಯ ತರಬೇತಿಯಲ್ಲಿ ಇದನ್ನೆಲ್ಲ ಹೇಳಿ
ಪ್ರಶ್ನೆಗಳಿವೆಯೇ ಎಂದಾಗ ಒಬ್ಬ ಎದ್ದ:
‘ಮೇಡಂ, ಟಿ.ಎ. ಬಿಲ್ಲಿಗೆ ಸಹಿ ಎಲ್ಲಿ?’
ಆ ಒಬ್ಬ ನಾನೇ.

ಇವತ್ತಿನ ಲೆಕ್ಕ:
ಎರಡರಲ್ಲೊಂದು ಭಾಗ, ಮೂರರಲ್ಲೊಂದು ಭಾಗ, ಕೂಡಿದರೆ?
ಬೊಳ್ಕಿ ಬಂದು ಬರೆದಳು: ಐದರಲ್ಲಿ ಎರಡು.
ಕೈ ತಾನಾಗಿ ಡಸ್ಟರಿಗೆ ಹೋಯಿತು.
ಅದು ಅಲ್ಲಿರಲಿಲ್ಲ.
ಕೊನೆಯ ಬೆಂಚಿನಲ್ಲಿ, ಅವರ ಕಪ್ಪು ಕೈಚೀಲದ ಬಾಯಿಗೆ
ಸೀಮೆಸುಣ್ಣ ಮೆತ್ತಿತ್ತು.

ಅಳಿಸಲಾಗದ ತಪ್ಪಿನ ಮುಂದೆ ನಿಂತೆ.
ಕಿಟಕಿಯಾಚೆ ರೋಬಸ್ಟಾ ಹೂವಿನ ಅಮಲು ಗಾಳಿ,
ಜೀಪೊಂದು ಗೇರು ಬದಲಿಸಿ ಏರು ಹತ್ತಿತು.
‘ಹೇಗೆ ಬಂತು?’ ಎಂದೆ, ಬೇರೇನೂ ತೋಚದೆ.

ಬೊಳ್ಕಿ ಲಂಗಕ್ಕೆ ಕೈ ಒರೆಸಿಕೊಂಡಳು.
ಮತ್ತೆ ಒರೆಸಿಕೊಂಡಳು.
ಉತ್ತರ ನನ್ನ ಹಲ್ಲಿನ ತುದಿಗೆ ಬಂದು ಕೂತಿತ್ತು, ನುಂಗಿದೆ.
‘ಅವ್ವ ಎರಡು ಸಾಲಲ್ಲಿ ಒಂದು ಕೊಯ್ದು ಮುಗಿಸಿತು.
ಅಪ್ಪ ಮೂರು ಸಾಲಲ್ಲಿ ಒಂದು.
ಒಟ್ಟು ಸಾಲು ಐದು. ಮುಗಿದದ್ದು ಎರಡು.’

ಹದಿನೇಳು ವರ್ಷ ಇದಕ್ಕೆ ಕೆಂಪು ಗೆರೆ ಎಳೆದವನು ನಾನು.
ಸಾಲುಗಳನ್ನು ಒಮ್ಮೆಯೂ ಕಂಡಿರಲಿಲ್ಲ.

ಅಶ್ಕರ್ ಎದ್ದ: ‘ಸಾರ್, ಐದರಲ್ಲಿ ಎರಡು
ಅರ್ಧಕ್ಕಿಂತ ಕಮ್ಮಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ
ಕಮ್ಮಿ ಆಗೋದು ಹೆಂಗೆ?’
ಗದ್ದಲ. ಯಾರೋ ಐದು ಗೆರೆ ಎಳೆದರು, ಯಾರೋ ಒಂದು ರೊಟ್ಟಿ.
ಬೊಳ್ಕಿ ಎರಡನ್ನೂ ನೋಡಿ, ನನ್ನನ್ನಲ್ಲ, ಅಶ್ಕರನನ್ನು ಕೇಳಿದಳು:
‘ನಿಂದು ಯಾವುದರ ಅರ್ಧ?’

ಬೆಲ್ಲು ಹೊಡೆಯಿತು.
ದೇಚಮ್ಮ ಚಪ್ಪಲಿ ಹುಡುಕಿಕೊಂಡು ಎದ್ದರು.
ಹೊಗಳಲಿಲ್ಲ, ತಿದ್ದಲಿಲ್ಲ.
ಬಾಗಿಲಲ್ಲಿ ‘ನಲವತ್ತೊಂದು’ ಎಂದರು, ಅಷ್ಟೇ;
ನೆಲ್ಯಹುದಿಕೇರಿಯ ಬಸ್ಸು ಹಿಡಿದರು.

ಮರುದಿನ ಆನೆ ದಾಟಿ ಬಂದ ಮಕ್ಕಳು
ಬೋರ್ಡಿನ ಮುಂದೆ ಗುಂಪಾಗಿ ನಿಂತು
ನಿನ್ನೆಯ ಜಗಳ ಓದಿಕೊಂಡರು.

ತಿಂಗಳ ಕೊನೆಗೆ ದಾಸ್ತಾನು ಪುಸ್ತಕ ಹಿಡಿದು
ಹೆಡ್‌ಮೇಡಂ ಕೇಳಿದರು: ಡಸ್ಟರ್ ಒಂದು ಕಮ್ಮಿ,
ಎಲ್ಲಿ ಹೋಯಿತು?

ನಾನು ಸುಮ್ಮನೆ ನಿಂತು
ಮನಸ್ಸಿನಲ್ಲೇ ಎಣಿಸತೊಡಗಿದೆ.