ರಬ್ಬರಿನ ತಾಳ

ಟೊಲೀಡೊ ಊರಿನ ಆಚೆ, ಬಾಗಿಲು ಹಾಕಿದ್ದ ಸ್ಕೇಟಿಂಗ್ ಅಂಗಳ.
ಬಾಡಿಗೆ ದಿನಕ್ಕೆ ಎಂಬತ್ತು ಡಾಲರು. ಅಕ್ಟೋಬರು.
ಹೀಟರು ಕೆಟ್ಟಿತ್ತು. ಬಾಯಿಂದ ಹೊರಟ ಹಬೆ ನೋಡಿ
ಇರಲಿ, ಚೆನ್ನಾಗಿದೆ, ಅಂದ ಕ್ಯಾಮೆರಾದವನು.

ಹಾಡು ಮೊದಲೇ ಮುದ್ರಣವಾಗಿತ್ತು, ಎರಡು ನಿಮಿಷ ನಲವತ್ತು ಸೆಕೆಂಡು.
ಡಬ್ಬದೊಳಗಿಂದ ಅದು ಕಿರುಚುತ್ತದೆ,
ನಾವೇ ಕಿರುಚಿದಂತೆ ನಾವು ಜಿಗಿಯಬೇಕು.
ಅದಕ್ಕೇ ನನ್ನ ತಾಳಗಳಿಗೆಲ್ಲ ಕರಿ ರಬ್ಬರು,
ಡ್ರಮ್ಮಿನ ಹೊಟ್ಟೆಗೆ ಡೆರಿಕ್‌ನ ತಾಯಿ ಕೊಟ್ಟ ರಜಾಯಿ.
ಎಷ್ಟು ಬಡಿದರೂ
ಪಕ್ಕದ ಮನೆಯಲ್ಲಿ ಯಾರೋ ದಿಂಬು ಕೊಡವಿದಷ್ಟೇ ಸದ್ದು.

ಹಾಡು ಡೆರಿಕ್‌ದು.
'ನನ್ನ ಸ್ವೆಟರು ತೊಟ್ಟೇ ಅವನ ಕಾರು ಹತ್ತಿದೆ'
ಅಷ್ಟೇ ಪಲ್ಲವಿ. ಹನ್ನೆರಡು ಸಲ ಬರುತ್ತದೆ.
ಅವನು ಯಾರು ಅಂತ ಹಾಡಿಗೆ ಗೊತ್ತಿಲ್ಲ.
ಗ್ಯಾರೇಜಿನಲ್ಲಿ ಮೊದಲ ಸಲ ಕೇಳಿದಾಗ
ಕೈ ತಾನಾಗಿ ಹೆಗಲಿಗೆ ಹೋಯಿತು.
ಏನೋ ಉಳುಕು, ಅಂದೆ.
ಡ್ರಮ್ಮು ಬಡಿಯುವವರಿಗೆ ಹೆಗಲು ನೋವು ಸಹಜವೇ.

ಕೊರಿನ್ ಹತ್ತಿದ ಕಾರು ಹಸಿರು ಬಣ್ಣದ್ದು.
ಹಿಂದಿನ ಬಾಗಿಲು ಒಳಗಿಂದ ತೆರೆಯುವುದಿಲ್ಲ.
ಸ್ವೆಟರು ಆ ದಿನವೂ ಡಿಕ್ಕಿಯಲ್ಲೇ ಇತ್ತು, ಜಾಕಿಯ ಕೆಳಗೆ.
ಅದರ ಮೇಲೇ ಹೇರಿಕೊಂಡು ತಂದಿದ್ದೆ
ಡ್ರಮ್ಮು, ಸ್ಟ್ಯಾಂಡು, ಡೆರಿಕ್‌ನ ಗಿಟಾರು ಸಹ.

ವಿಡಿಯೋದ ಕೊರಿನ್ ಮರಿಸೋಲ್ ಎಂಬ ಹುಡುಗಿ,
ದಂತವೈದ್ಯರ ಹತ್ತಿರ ಸಹಾಯಕಿ. ಕೂಲಿ ಒಂದು ಪಿಜ್ಜಾ.
ಅವಳನ್ನು ಕರೆದೊಯ್ಯುವ ಕಳ್ಳ ಬರಲೇ ಇಲ್ಲ,
ಅವನಿಗೆ ಆ ದಿನ ಟೈರ್ ಅಂಗಡಿಯಲ್ಲಿ ಪಾಳಿ.
ಡೆರಿಕ್ ನನ್ನ ಕಡೆ ನೋಡಿ ಅಂದ:
ನೀನೇ ಬಾರೋ. ಮುಖ ಬೇಡ, ಕೈ ಸಾಕು.

ಮರಿಸೋಲಳ ಸೊಂಟದ ಮೇಲೆ ನನ್ನ ಕೈ ಇಡಿಸಿದ.
ಸ್ವಲ್ಪ ಕೆಳಗೆ, ಅಂದ.
ನನ್ನ ಹೆಬ್ಬೆರಳು ಹಿಡಿದು ಅವನೇ ಮಡಿಸಿದ,
ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ.
ಹಾಂ, ಹೀಗೆ. ನಿನಗೆ ಗೊತ್ತಲ್ಲ.

ಗೊತ್ತಲ್ಲ ಅನ್ನುವುದು ನಮ್ಮೆಲ್ಲರ ಮಾತಿನ ಚಟ.
ಆ ಊರಲ್ಲಿ ಬ್ರೆಡ್ಡು ಮಾರುವವರೂ ಹಾಗೇ ಅನ್ನುತ್ತಾರೆ.

ಆಮೇಲೆ ಹತ್ತೊಂಬತ್ತು ಟೇಕು ಡ್ರಮ್ಮಿಗೆ.
ಇನ್ನೂ ಜೋರಾಗಿ, ಕೂಗಿದ ಕ್ಯಾಮೆರಾದವನು,
ಸಿಟ್ಟು ಕಾಣಬೇಕು!
ರಬ್ಬರಿನ ಮೇಲೆ ಕೋಲು ಮುರಿಯಿತು. ಅದೂ ಸದ್ದಿಲ್ಲದೆ.
ತಾಳ ನನ್ನದು,
ತಾಳಿಕೊಂಡವನು ಯಾರು ಅಂತ
ಎದುರಿನ ಆ ಬೆನ್ನು ನೋಡಿ ಹೇಳುವುದು ಹೇಗೆ?

ಈಗ ನಾನು ಮನೆಮನೆಗೆ ಹೋಗಿ ಕುಲುಮೆ ರಿಪೇರಿ ಮಾಡುತ್ತೇನೆ.
ಕೊರಿನ್ ನಮ್ಮಿಬ್ಬರನ್ನೂ ಬಿಟ್ಟು ಟಕ್ಸನ್ನಿನಲ್ಲಿದ್ದಾಳಂತೆ,
ಅಲ್ಲಿ ಸ್ವೆಟರೇ ಬೇಡವಂತೆ.
ವಿಡಿಯೋ ನೋಡಿದರೆ ಒಂದು ನಿಮಿಷ ಐವತ್ತೆರಡರಲ್ಲಿ ಆ ಕೈ:
ತೋರುಬೆರಳಿಗೆ ಬಿಳಿ ಪಟ್ಟಿ,
ಡ್ರಮ್ಮಿನವರು ಬೊಬ್ಬೆಗೆ ಸುತ್ತಿಕೊಳ್ಳುವಂಥದು.
ಪಟ್ಟಿ ಬಿಚ್ಚಿಯೂ ಒಂದು ಸಲ ತೆಗೆದಿದ್ದರು.
ಆರಿಸಿದವನು ಡೆರಿಕ್.

ವರ್ಷಕ್ಕೊಮ್ಮೆ ಹಾಡಿನ ದುಡ್ಡು ಬರುತ್ತದೆ,
ಸರಿಯಾಗಿ ಮೂರನೇ ಒಂದು ಪಾಲು. ಹೋದ ಸಲ ಹನ್ನೊಂದು ಡಾಲರು.
ಲಕೋಟೆಯ ಮೇಲೆ ಅವನದೇ ಕೈಬರಹ.
ಚೆಕ್ಕು ತೆಗೆದ ಮೇಲೂ
ಒಮ್ಮೆ ತಲೆಕೆಳಗು ಮಾಡಿ ಅಲ್ಲಾಡಿಸುತ್ತೇನೆ.